ಜೂಮ್‌ನಲ್ಲಿ ನಮ್ಮ ಬ್ಯಾಚಿನ ಐವತ್ತನೇ ವರ್ಷ, ಅತಿಥಿ ಸಾಗರದಿಂದ

ಮೈಸೂರು ಮೆಡಿಕಲ್ ಕಾಲೇಜಿಗೆ ನಾವು ಸೇರಿದ್ದು 1971ರಲ್ಲಿ. ಆಗಿನ್ನೂ ಇದು ಮೈಸೂರು ರಾಜ್ಯ. 1973ರಲ್ಲಿ ಕರ್ನಾಟಕ ಅಂತ ಹೆಸರು ಬದಲಾಗುವ ಹೊತ್ತಿಗೆ ನಾವು ಹೆಣ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನ ಫಾರ್ಮಲಿನ್ ವಾಸನೆಯಿಂದ ಪಾರಾಗಿ ಕೆ.ಆರ್. ಆಸ್ಪತ್ರೆಯ ವಾರ್ಡುಗಳಲ್ಲಿ ಸ್ಟೆತಸ್ಕೋಪ್ ನೇತುಹಾಕಿಕೊಂಡು ಓಡಾಡುತ್ತಿದ್ದೆವು. ಲೆಕ್ಕದ ಪ್ರಕಾರ 2021ಕ್ಕೆ ಐವತ್ತು ವರ್ಷ. ಆದರೆ ಆ ವರ್ಷ ಕೋವಿಡ್ ಎರಡನೇ ಅಲೆ. ಬ್ಯಾಚಿನವರೇ ಕೆಲವರು ಹೋಗಿಬಿಟ್ಟರು. ಸೇರುವ ಮಾತು ಎತ್ತಲು ಯಾರಿಗೂ ಬಾಯಿ ಬರಲಿಲ್ಲ.

ಡಿಸೆಂಬರಿಗೆ ಸ್ವಲ್ಪ ಧೈರ್ಯ ಬಂತು. 2022ರ ಜನವರಿಯಲ್ಲಿ, ಸಂಕ್ರಾಂತಿ ವಾರದ ಭಾನುವಾರ, ಮೈಸೂರಿನಲ್ಲೇ ಸೇರೋಣ ಅಂತಾಯಿತು. ಹೋಟೆಲಿಗೆ ಅಡ್ವಾನ್ಸ್ ಕೊಟ್ಟಾಯಿತು. ಅತಿಥಿಯಾಗಿ ಬೆಂಗಳೂರಿನ ದೊಡ್ಡ ಹೃದ್ರೋಗ ತಜ್ಞರೊಬ್ಬರು ಒಪ್ಪಿದ್ದರು. ಜನವರಿ ಮೊದಲ ವಾರ ಓಮಿಕ್ರಾನ್ ಏರಿತು, ಸರ್ಕಾರ ವಾರಾಂತ್ಯದ ಕರ್ಫ್ಯೂ ಹಾಕಿತು. ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಗಿನ ತನಕ ಯಾರೂ ಹೊರಗೆ ಬರುವ ಹಾಗಿಲ್ಲ. ಹೋಟೆಲಿನವರು ಅಡ್ವಾನ್ಸ್ ವಾಪಸ್ ಕೊಡೋಲ್ಲ, ಬೇಕಾದರೆ ಮುಂದೆ ಯಾವಾಗಲಾದರೂ ಬನ್ನಿ ಅಂದರು. ಅತಿಥಿಗಳು ಆಸ್ಪತ್ರೆ ಬಿಟ್ಟು ಬರಲಾಗೋಲ್ಲ ಅಂದರು, ಅದು ನ್ಯಾಯವೇ.

ಗುಂಪಿನಲ್ಲಿ ಅರ್ಧ ಜನ ಮುಂದಕ್ಕೆ ಹಾಕೋಣ ಅಂದರು. ಎಲ್ಲಿಗೆ ಮುಂದಕ್ಕೆ? ನಮಗೆಲ್ಲ ಅರವತ್ತೆಂಟರ ಆಚೀಚೆ. ಹಾಸನದ ಸರ್ಜನ್ ಒಬ್ಬ, ಬಾಯಿಗೆ ಬೀಗ ಇಲ್ಲದವನು, "ಮುಂದಕ್ಕೆ ಹಾಕಿದಷ್ಟೂ ಊಟದ ಖರ್ಚು ಕಡಿಮೆ ಆಗುತ್ತೆ ಬಿಡಿ" ಅಂತ ಬರೆದ. ಕೆಲವರಿಗೆ ಕೋಪ ಬಂತು, ಆದರೂ ಆ ಒಂದು ಮಾತಿಗೆ ತೀರ್ಮಾನ ಆಯಿತು. ಅದೇ ಭಾನುವಾರ, ಜೂಮ್‌ನಲ್ಲಿ. ಕೆಲಸ ಮೂರ್ನಾಲ್ಕು ಜನರ ತಲೆಗೆ ಬಂತು, ಅದರಲ್ಲಿ ನಾನೂ ಒಬ್ಬಳು. ನಿವೃತ್ತಳಾಗಿ ಶಿವಮೊಗ್ಗದಲ್ಲಿ ಸುಮ್ನೆ ಕೂತಿದ್ದೀಯಲ್ಲ, ಮಾಡು ಅಂದರು.

ಮೊದಲ ಕೆಲಸ ಹೊತ್ತು ಗೊತ್ತುಮಾಡೋದು. ನಮ್ಮ ಕಾಲದಲ್ಲಿ ಪಾಸಾದವರು ಬ್ರಿಟನ್ನಿಗೆ, ಅಮೆರಿಕಕ್ಕೆ, ಕೊಲ್ಲಿ ದೇಶಗಳಿಗೆ ಹೋದದ್ದು ಜಾಸ್ತಿ. ಒಬ್ಬಳು ಮೆಲ್ಬರ್ನ್‌ನಲ್ಲಿದ್ದಾಳೆ. ನಮ್ಮ ಸಂಜೆ ಏಳೂವರೆ ಅಂದರೆ ಲಂಡನ್ನಿನಲ್ಲಿ ಮಧ್ಯಾಹ್ನ ಎರಡು, ನ್ಯೂಯಾರ್ಕಿನಲ್ಲಿ ಬೆಳಗ್ಗೆ ಒಂಬತ್ತು, ಕ್ಯಾಲಿಫೋರ್ನಿಯಾದವರಿಗೆ ಬೆಳಗಿನ ಜಾವ ಆರು. ಮೆಲ್ಬರ್ನ್‌ನವಳಿಗೆ ಮಾತ್ರ ರಾತ್ರಿ ಒಂದು ಗಂಟೆ. ಅವಳಿಗೆ ಫೋನ್ ಮಾಡಿ ಹೇಗೆ ಹೇಳೋದು ಅಂತ ನಾನು ತಡವರಿಸುತ್ತಿದ್ದರೆ, "ಚೆಲುವಾಂಬದಲ್ಲಿ ರಾತ್ರಿ ಡ್ಯೂಟಿ ಮಾಡಿದವಳು ಕಣೇ ನಾನು, ಒಂದು ಗಂಟೆ ಏನು ಮಹಾ" ಅಂದಳು. ಚೆಲುವಾಂಬ ಅಂದರೆ ಕಾಲೇಜಿಗೆ ಸೇರಿದ ಹೆಂಗಸರ, ಮಕ್ಕಳ ಆಸ್ಪತ್ರೆ. ಅಲ್ಲಿ ಹೌಸ್ ಸರ್ಜನ್ಸಿ ಮಾಡಿದವರಿಗೆ ನಿದ್ದೆಗೆಡೋದು ಹೊಸದಲ್ಲ.

ಎರಡನೆಯದು ಜೂಮ್ ಖಾತೆ. ದುಡ್ಡು ಕೊಡದ ಖಾತೆಯಲ್ಲಿ ನಲವತ್ತು ನಿಮಿಷಕ್ಕೆ ಮೀಟಿಂಗ್ ಕಡಿದುಹೋಗುತ್ತೆ. ಬ್ಯಾಚಿನ ಒಬ್ಬ ಸ್ವಂತ ಆಸ್ಪತ್ರೆಯವನು, ಅವನ ಖಾತೆ ಬಳಸಿಕೊಂಡೆವು. ಮೂರು ದಿನ ಮುಂಚೆ ಒಂದು ರಿಹರ್ಸಲ್ ಇಟ್ಟೆವು. ಇದನ್ನು ಯಾರೂ ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ. ಅವತ್ತು ಗೊತ್ತಾಗಿದ್ದು ಏನಂದರೆ, ಅರ್ಧ ಜನರಿಗೆ ಕಿವಿ ಕೇಳೋದು ಕಡಿಮೆಯಾಗಿದೆ, ಅದನ್ನು ಯಾರೂ ಒಪ್ಪಿಕೊಳ್ಳುತ್ತಿಲ್ಲ, ಎಲ್ಲರೂ ನೆಟ್‌ವರ್ಕ್ ಸರಿಯಿಲ್ಲ ಅನ್ನುತ್ತಿದ್ದಾರೆ. ಇಯರ್‌ಫೋನ್ ಹಾಕಿಕೊಂಡು ಕೂರಬೇಕು ಅಂತ ಆಮೇಲೆ ಎಲ್ಲರಿಗೂ ಒಂದೇ ಸಂದೇಶ ಕಳಿಸಿದೆವು, ಕಾರಣ ಬರೆಯಲಿಲ್ಲ.

ಇನ್ನು ಅತಿಥಿ. ಜಗಳ ನಡೆದದ್ದು ಇಲ್ಲೇ.

ಅತಿಥಿ ಯಾಕೆ ಬೇಕು, ನಾವು ನಾವೇ ಮಾತಾಡಿದರೆ ಸಾಲದಾ ಅಂತ ಒಂದು ಪಕ್ಷ. ನಾನು ಇದನ್ನು ಒಪ್ಪಲಿಲ್ಲ. ಹಿಂದೆ ಎರಡು ಸಲ ನಾವು ನೇರವಾಗಿ ಸೇರಿದ್ದಾಗ ನೋಡಿದ್ದೇನೆ. ಈ ವಯಸ್ಸಿನ ಡಾಕ್ಟರುಗಳು ಒಟ್ಟಿಗೆ ಕೂತರೆ ಇರೋದು ಎರಡೇ ವಿಷಯ. ಮಕ್ಕಳು ಯಾವ ದೇಶದಲ್ಲಿದ್ದಾರೆ, ಎದೆಯಲ್ಲಿ ಸ್ಟೆಂಟ್ ಎಷ್ಟಿವೆ. ಮಕ್ಕಳಿಲ್ಲದವರು, ಮಕ್ಕಳ ವಿಷಯ ಹೇಳಲು ಇಷ್ಟ ಇಲ್ಲದವರು, ಕಾಯಿಲೆ ಮುಚ್ಚಿಟ್ಟವರು ಮೂಲೆ ಸೇರುತ್ತಾರೆ. ಮುಖಾಮುಖಿ ಸೇರಿದಾಗ ಊಟದ ಸಾಲಿನಲ್ಲಾದರೂ ಬೇರೆ ಮಾತು ಹುಟ್ಟುತ್ತೆ. ಸ್ಕ್ರೀನಿನಲ್ಲಿ ಆ ದಾರಿಯೂ ಇಲ್ಲ. ಹಾಗಾಗಿ ಮೂರನೇ ವಿಷಯ ಒಂದನ್ನು ಹೊರಗಿನವರು ಯಾರಾದರೂ ತಂದು ನಮ್ಮ ಮಧ್ಯೆ ಹಾಕಬೇಕು. ಅತಿಥಿ ಇರೋದು ಅದಕ್ಕೆ.

ಸರಿ, ಯಾರು? ಜೀವನೋತ್ಸಾಹದ ಬಗ್ಗೆ ಮಾತಾಡುವವರೊಬ್ಬರ ಹೆಸರು ಬಂತು, ಯೋಗ ಗುರುಗಳ ಹೆಸರು ಬಂತು, ಮತ್ತೊಬ್ಬ ಹೃದ್ರೋಗ ತಜ್ಞರ ಹೆಸರೂ ಬಂತು. ಹೃದಯದ ಬಗ್ಗೆ ಇನ್ನೂ ಕೇಳಬೇಕಾ? ನಾನು ಸಾಗರದ ಒಬ್ಬರ ಹೆಸರು ಹೇಳಿದೆ. ಎಂಬತ್ತು ದಾಟಿದವರು. ಹುಡುಗನಾಗಿದ್ದಾಗ ಸಾಗರದಲ್ಲಿದ್ದ ವೈರಸ್ ಸಂಶೋಧನಾ ಕೇಂದ್ರದ ಫೀಲ್ಡ್ ಸ್ಟೇಷನ್‌ನಲ್ಲಿ ಕಾಡು ಸುತ್ತಿ ಉಣ್ಣೆ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ, ಹಿಡಿಯುವ ಕೆಲಸಕ್ಕೆ ಸೇರಿದವರು, ಆಮೇಲೆ ಆರೋಗ್ಯ ಇಲಾಖೆಗೆ ಬಂದು ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಸಾಗರ ತಾಲೂಕಿನ ಪಿಎಚ್‌ಸಿಗೆ ನಾನು ಹೊಸದಾಗಿ ಹೋದಾಗ ಆ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಅಂದರೆ ಏನು ಅಂತ ನನಗೆ ಕಲಿಸಿದ್ದು ಅವರೇ. ಪಠ್ಯದಲ್ಲಿ ಅದಕ್ಕೆ ಇದ್ದದ್ದು ಒಂದು ಪ್ಯಾರಾ.

"ಏನೇ ಇದು, ಎಂಡಿ, ಎಫ್‌ಆರ್‌ಸಿಎಸ್ ಮಾಡಿದವರಿಗೆಲ್ಲ ಹೆಲ್ತ್ ಇನ್ಸ್‌ಪೆಕ್ಟರ್ ಭಾಷಣಾನಾ?" ಅಂತ ಒಬ್ಬ ಕೇಳಿದ. ಭಾಷಣ ಅಲ್ಲ ಕಣಪ್ಪ, ಇಪ್ಪತ್ತು ನಿಮಿಷ, ಆಮೇಲೆ ಪ್ರಶ್ನೆ ಅಂದೆ. ಇನ್ನೊಬ್ಬಳದು ಬೇರೆ ತಕರಾರು. ಅವರು ಕನ್ನಡದಲ್ಲಿ ಮಾತಾಡಿದರೆ ಬೇರೆ ರಾಜ್ಯದಿಂದ ಬಂದು ಓದಿದವರ ಕಥೆ ಏನು? ಅದಕ್ಕೆ ಉತ್ತರ ಕೊಟ್ಟದ್ದು ಹೈದರಾಬಾದಿನ ಗೆಳೆಯ. ಕೆ.ಆರ್. ಆಸ್ಪತ್ರೆಯಲ್ಲಿ ಕೇಸ್ ಬರೆದವನಿಗೆ ಕನ್ನಡ ಮರೆಯುತ್ತಾ, ನಾಲಿಗೆ ಚಾಚಿ, ಉಸಿರು ಎಳೀರಿ, ಎಷ್ಟು ದಿನದಿಂದ ಜ್ವರ ಅಂತ ಕೇಳೋದು ಈಗಲೂ ನನಗೆ ಬರುತ್ತೆ ಅಂತ ತನ್ನ ತೆಲುಗು ರಾಗದಲ್ಲೇ ಧ್ವನಿ ಸಂದೇಶ ಕಳಿಸಿದ. ಅಲ್ಲಿಗೆ ಆ ಮಾತು ನಿಂತಿತು.

ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದರೆ ಅವರು ಕೇಳಿದ ಮೊದಲ ಪ್ರಶ್ನೆ, "ಊಟಕ್ಕೆ ಎಷ್ಟು ಹೊತ್ತಿಗೆ ಬಿಡ್ತೀರಿ ಮೇಡಂ?" ಎರಡನೆಯದು, ಅವರ ಮನೇಲಿ ಸಿಗ್ನಲ್ ಸಿಗೋಲ್ಲ. ಅವರ ಮನೆ ಸಾಗರ ಪೇಟೆಯಿಂದ ಒಳಗೆ, ತೋಟದ ಮಧ್ಯೆ. ಮಳೆಗಾಲದಲ್ಲಿ ಕರೆಂಟೇ ಇರೋಲ್ಲ, ಬೇಸಿಗೆಯಲ್ಲಿ ಫೋನ್ ಹಿಡಿದು ಅಂಗಳದ ಒಂದು ಮೂಲೆಗೆ ಬರಬೇಕು. ಕೊನೆಗೆ ಶುಕ್ರವಾರ ಹಗಲೇ ನಾನು ಸಾಗರಕ್ಕೆ ಹೋಗಿ ನನ್ನ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡೆ. ಅವರನ್ನೂ ಅಲ್ಲಿಗೇ ಮೊಮ್ಮಗ ಕರ್ಫ್ಯೂ ಶುರುವಾಗುವ ಮುಂಚೆ ತಂದು ಬಿಟ್ಟ. ಸೋಮವಾರದ ತನಕ ಇಬ್ಬರೂ ಚಿಕ್ಕಮ್ಮನ ಮನೆ ಅತಿಥಿಗಳು. ಚಿಕ್ಕಮ್ಮನಿಗೆ ಖುಷಿಯೋ ಖುಷಿ, ತೊಡದೇವು ಮಾಡಿ ಹಾಕಿದರು.

ಭಾನುವಾರ ಏಳು ಗಂಟೆಗೇ ಜನ ಬರತೊಡಗಿದರು. ಒಂದೊಂದೇ ಚೌಕ ತೆರೆದುಕೊಳ್ಳುತ್ತಿತ್ತು. ತಲೆ ಬೋಳಾದವರ, ಬಣ್ಣ ಹಚ್ಚಿದವರ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎಲ್ಲರೂ ಹೆಸರಿನ ಜೊತೆ ಆಗಿನ ರೋಲ್ ನಂಬರ್ ಹಾಕಿಕೊಳ್ಳಬೇಕು ಅಂತ ಮೊದಲೇ ಹೇಳಿದ್ದೆವು. ಮಕ್ಕಳ ಫೋನ್ ನಂಬರ್ ನೆನಪಿಲ್ಲದವರಿಗೂ ರೋಲ್ ನಂಬರ್ ನೆನಪಿತ್ತು.

ಮೊದಲು ತೀರಿಕೊಂಡವರ ನೆನಪು. ಇದನ್ನು ಹೇಗೆ ಮಾಡೋದು ಅಂತ ನಾವು ಬಹಳ ಯೋಚಿಸಿದ್ದೆವು. ಬರೀ ಪಟ್ಟಿ ಓದಿದರೆ ಹಾಜರಿ ಕರೆದ ಹಾಗಾಗುತ್ತೆ. ದೊಡ್ಡ ಭಾಷಣ ಮಾಡಿದರೆ ಯಾರಿಗೋ ಹೆಚ್ಚು, ಯಾರಿಗೋ ಕಡಿಮೆ. ಕೊನೆಗೆ ಪ್ರತಿಯೊಬ್ಬರ ಬಗ್ಗೆ ಅವರ ಹಾಸ್ಟೆಲ್ ರೂಮ್‌ಮೇಟ್ ಅಥವಾ ಡಿಸೆಕ್ಷನ್ ಟೇಬಲ್‌ನವರು ಒಂದೇ ಒಂದು ವಾಕ್ಯ ಹೇಳಬೇಕು ಅಂತ ಮಾಡಿದೆವು. "ನನ್ನ ಮೂಳೆ ಸೆಟ್ಟಿನ ಅರ್ಧ ಅವಳ ಹತ್ತಿರ ಇತ್ತು, ವಾಪಸ್ ಕೇಳಲೇ ಇಲ್ಲ." "ಲ್ಯಾನ್ಸ್‌ಡೌನ್ ಕಟ್ಟಡದ ಹಳೇ ಪುಸ್ತಕದ ಅಂಗಡಿಯಲ್ಲಿ ನನ್ನದೇ ಪುಸ್ತಕ ನನಗೇ ಮಾರಿಸಿದ." "ಕೋವಿಡ್ ವಾರ್ಡಿಗೆ ಹೋಗಬೇಡ ಅಂದೆ, ಹೋದ." ಈ ಕೊನೆಯದನ್ನು ಹೇಳಿದವನು ಕ್ಯಾಮೆರಾ ಆಫ್ ಮಾಡಿಕೊಂಡ. ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಬಂದ.

ಆಮೇಲೆ ಕಾಲೇಜಿನ ಫೋಟೋಗಳು, ಬೇಗ ಮುಗಿಸಿದೆವು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಕಾಲೇಜು ಅದು. ಆ ಚರಿತ್ರೆ ಎಲ್ಲರಿಗೂ ಗೊತ್ತಿದ್ದದ್ದೇ.

ಇನ್ಸ್‌ಪೆಕ್ಟರು ಬಿಳಿ ಪಂಚೆ, ಅಂಗಿ ಹಾಕಿ ನೆಟ್ಟಗೆ ಕೂತಿದ್ದರು. ನಮಸ್ಕಾರ ಹೇಳಿ ನೇರ ವಿಷಯಕ್ಕೆ ಬಂದರು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಊರಿನ ಜನಕ್ಕೂ ಜ್ವರ. ಮಂಗ ಸಾಯೋದು ನೋಡಿ ದೊಡ್ಡವರೆಲ್ಲ ಹಳದಿ ಜ್ವರ ಇಂಡಿಯಾಕ್ಕೆ ಬಂತು ಅಂತ ಹೆದರಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದಲ್ಲ. ರಷ್ಯಾ ಕಡೆಯ ಉಣ್ಣೆ ಜ್ವರದ ಜಾತಿಗೆ ಸೇರಿದ ಹೊಸ ವೈರಸ್. "ನಾನು ಆಗ ಶಾಲೆ ಹುಡುಗ. ಸ್ವಲ್ಪ ವರ್ಷ ಬಿಟ್ಟು ಕೆಲಸಕ್ಕೆ ಸೇರಿದೆ. ಕೆಲಸ ಏನಪ್ಪಾ ಅಂದ್ರೆ, ಬಟ್ಟೆ ಎಳೆಯೋದು."

ಇಲ್ಲಿಂದ ಎಲ್ಲರೂ ಮುಂದಕ್ಕೆ ಬಾಗಿದರು, ಸ್ಕ್ರೀನಿನಲ್ಲೇ ಕಾಣುತ್ತಿತ್ತು. ಕೋಲಿಗೆ ಬಿಳಿ ಫ್ಲಾನೆಲ್ ಬಟ್ಟೆ ಕಟ್ಟಿ ಕಾಡಿನ ನೆಲದ ಮೇಲೆ, ದರಗಿನ ಮೇಲೆ, ಲಂಟಾನದ ಬುಡದಲ್ಲಿ ಎಳೆದುಕೊಂಡು ಹೋಗಬೇಕು. ಸ್ವಲ್ಪ ದೂರ ಹೋಗಿ ತಿರುಗಿಸಿ ನೋಡಿದರೆ ಬಟ್ಟೆ ತುಂಬ ಎಳ್ಳು ಚೆಲ್ಲಿದ ಹಾಗೆ ಉಣ್ಣೆ ಮರಿಗಳು. ಚಿಮಟಿಗೆಯಲ್ಲಿ ಒಂದೊಂದೇ ಹೆಕ್ಕಿ ಸಣ್ಣ ಬಾಟಲಿಗೆ ಹಾಕಬೇಕು. ಯಾವ ಜಾಗ, ಯಾವ ದಿನ ಅಂತ ಚೀಟಿ ಬರೆಯಬೇಕು. ಹೆಕ್ಕುವವನ ಮೈ ಮೇಲೂ ಹತ್ತುತ್ತವೆ. ಸಂಜೆ ಬಟ್ಟೆ ಬಿಚ್ಚಿ ಒಬ್ಬರ ಬೆನ್ನು ಒಬ್ಬರು ನೋಡಿಕೊಳ್ಳುತ್ತಿದ್ದರಂತೆ.

ಮಂಗ ಸತ್ತಲ್ಲಿಗೆ ಹೋಗೋದು ಇನ್ನೊಂದು ಕೆಲಸ. ವಾಸನೆ ಹಿಡಿದು ಹುಡುಕಬೇಕು. ಮಂಗ ಸತ್ತ ಕೂಡಲೆ ಅದರ ಮೈಮೇಲಿನ ಉಣ್ಣೆಗಳು ಕೆಳಗಿಳಿದು ಅದೇ ಜಾಗದಲ್ಲಿ ಹರಡುತ್ತವೆ. ಅದಕ್ಕೇ ಆ ಜಾಗದ ಸುತ್ತ ಐವತ್ತು ಮೀಟರ್‌ಗೆ ಔಷಧಿ ಹೊಡೆಯೋದು. "ಜನ ಮಂಗನಿಗೆ ಬೈತಾರೆ. ಪಾಪ ಅದೇನು ಮಾಡ್ತು ಮಾರಾಯ್ರೆ? ನಮಗಿಂತ ಮೊದಲು ಅದೇ ಸಾಯೋದು. ಅದು ಸತ್ತಿದ್ದು ನೋಡಿ ನಾವು ಹುಷಾರಾಗಬೇಕು." ಕಾಡಿನ ಇಲಿ, ಮೂಗಿಲಿಗಳಲ್ಲಿ ವೈರಸ್ ಸದ್ದಿಲ್ಲದೆ ಉಳಿದುಕೊಂಡಿರುತ್ತೆ. ದನಗಳಿಗೆ ಕಾಯಿಲೆ ಬರೋಲ್ಲ, ಆದರೆ ದೊಡ್ಡ ಉಣ್ಣೆ ರಕ್ತ ಕುಡಿದು ಬೆಳೆಯೋದು ದನದ ಮೈಮೇಲೆ. ಕಾಡಿಗೆ ದನ ಮೇಯಲು ಬಿಟ್ಟಷ್ಟೂ ಉಣ್ಣೆ ಜಾಸ್ತಿ.

ಅವರಿಗೂ ಒಮ್ಮೆ ಬಂದಿತ್ತು. ತಲೆ ಸಿಡಿಯುವ ನೋವು, ಕಣ್ಣು ಕೆಂಪು, ಸೊಂಟ ಕಾಲು ಮುರಿದ ಹಾಗೆ. ವಾರ ಕಳೆದು ಜ್ವರ ಬಿಟ್ಟಿತು, ಗದ್ದೆಗೆ ಹೋದರು, ಮತ್ತೆ ಬಂತು. ಈ ಎರಡು ಸುತ್ತಿನ ಜ್ವರ ಗೊತ್ತಿಲ್ಲದ ಡಾಕ್ಟರು ಮೊದಲ ಸುತ್ತಿಗೇ ಗುಣವಾಯಿತು ಅಂತ ಮನೆಗೆ ಕಳಿಸಿಬಿಡುತ್ತಾರೆ. "ಮೇಡಂ ಹಾಗೆ ಕಳಿಸಲಿಲ್ಲ, ಯಾಕಂದ್ರೆ ನಾನು ಬಿಡಲಿಲ್ಲ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಈ ಕಾಯಿಲೆಗೆ ನೇರ ಔಷಧಿ ಅಂತ ಈಗಲೂ ಇಲ್ಲ. ನೀರು ಕೊಡಬೇಕು, ರಕ್ತಸ್ರಾವ ಆಗುತ್ತಾ ನೋಡಬೇಕು, ಕಾಯಬೇಕು. ನೂರಕ್ಕೆ ಮೂರು, ಐದು ಜನ ಸಾಯುತ್ತಾರೆ.

ಲಸಿಕೆಯ ಮಾತೂ ಬಂತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷವೂ. ಚುಚ್ಚಿದ ಕಡೆ ಸಿಕ್ಕಾಪಟ್ಟೆ ನೋವು. ಮೊದಲ ಡೋಸಿಗೆ ಬಂದವರು ಎರಡನೆಯದಕ್ಕೆ ತೋಟದೊಳಗೆ ಅಡಗುತ್ತಿದ್ದರು. ಉಣ್ಣೆ ಹತ್ತದ ಹಾಗೆ ಮೈಗೆ ಹಚ್ಚುವ ಡಿಎಂಪಿ ಎಣ್ಣೆ ಕೊಟ್ಟರೆ ಅಂಟು, ವಾಸನೆ ಅಂತ ಬಾಟಲಿ ಅಟ್ಟದ ಮೇಲೆ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಸಾವು ಕಂಡ ಮೇಲೆ ಅದೇ ಜನ ಲಸಿಕೆಗೆ ಸಾಲು ನಿಂತರಂತೆ. ಆ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ ಆಮೇಲೆ ನಿಲ್ಲಿಸಿದರು, ಆ ಸುದ್ದಿ ಅವತ್ತು ನಮಗೆ ಗೊತ್ತಿರಲಿಲ್ಲ. "ನಿಮ್ಮ ಮೈಸೂರಿನವರು ಇದು ಮಲೆನಾಡಿನ ಕಾಯಿಲೆ ಅಂತ ಕೂತಿದ್ರಿ. 2012ರಲ್ಲಿ ಬಂಡೀಪುರಕ್ಕೇ ಬಂತಲ್ಲ" ಅಂತ ಕೊನೆಗೊಂದು ಏಟು ಕೊಟ್ಟು ನಿಲ್ಲಿಸಿದರು. ಇಪ್ಪತ್ತು ಅಂದದ್ದು ಮೂವತ್ತು ದಾಟಿತ್ತು. ನಾನು ಗಡಿಯಾರ ತೋರಿಸಲಿಲ್ಲ.

ಪ್ರಶ್ನೆಗಳು ಸುರಿದವು. ಮೊದಲು ಕೈ ಎತ್ತಿದ್ದು ಕನೆಕ್ಟಿಕಟ್‌ನವನು. ಅವನಿರುವ ರಾಜ್ಯದಲ್ಲೇ ಲೈಮ್ ಅಂತ ಒಂದು ಊರು, ಲೈಮ್ ಕಾಯಿಲೆಗೆ ಆ ಊರಿನದೇ ಹೆಸರು. ಅದೂ ಉಣ್ಣೆಯಿಂದ ಬರೋದು. ಅದು ಬ್ಯಾಕ್ಟೀರಿಯಾ, ಇದು ವೈರಸ್. ಆದರೆ ಅಲ್ಲೂ ಮನುಷ್ಯರಿಗೆ ಅಂಟಿಸೋದು ಹೆಚ್ಚಾಗಿ ಮರಿ ಉಣ್ಣೆಯೇ, ಕಣ್ಣಿಗೆ ಬೀಳದಷ್ಟು ಸಣ್ಣದು. ಅಲ್ಲಿ ಬೇಸಿಗೆಯಲ್ಲಿ, ಇಲ್ಲಿ ಡಿಸೆಂಬರಿನಿಂದ ಮೇ ತನಕ. ಅವನು ನಲವತ್ತು ವರ್ಷದಿಂದ ಅಲ್ಲಿ ಡಾಕ್ಟರು. ಉಣ್ಣೆ ಹೇಗೆ ಕೀಳಬೇಕು ಅಂತ ಇನ್ಸ್‌ಪೆಕ್ಟರನ್ನು ಕೇಳಿದ. "ಚಿಮಟಿಗೆ ಚರ್ಮಕ್ಕೆ ತಾಗಿಸಿ ಹಿಡಿದು, ನೇರ ಎಳೀಬೇಕು. ಸೀಮೆಎಣ್ಣೆ ಹಾಕೋದು, ಬೆಂಕಿ ತಾಗಿಸೋದು ಮಾಡಬಾರದು." ಅವನು ತನ್ನ ರೋಗಿಗಳಿಗೆ ಹೇಳುವುದೂ ಅದನ್ನೇ ಅಂತೆ. ಹೆಲ್ತ್ ಇನ್ಸ್‌ಪೆಕ್ಟರ್ ಭಾಷಣಾನಾ ಅಂದಿದ್ದನಲ್ಲ, ಅವನು ಮೂರು ಪ್ರಶ್ನೆ ಕೇಳಿದ. ನಾನು ಏನೂ ಅನ್ನಲಿಲ್ಲ, ಹಾಸನದ ಸರ್ಜನ್ ಅಂದ.

ಕೊನೆಯದು ಸಣ್ಣ ಗುಂಪುಗಳು. ಜೂಮ್‌ನಲ್ಲಿ ಬ್ರೇಕ್‌ಔಟ್ ರೂಮ್ ಅಂತ ಇದೆ, ದೊಡ್ಡ ಸಭೆಯನ್ನು ಬೇರೆ ಬೇರೆ ಕೋಣೆಗಳಾಗಿ ಒಡೆಯಬಹುದು. ಸುಮ್ನೆ ಯಾರನ್ನೋ ಯಾರ ಜೊತೆಗೋ ಹಾಕುವ ಬದಲು ನಾವು ಡಿಸೆಕ್ಷನ್ ಟೇಬಲ್ ಪ್ರಕಾರ ಒಡೆದೆವು. ಒಂದೂವರೆ ವರ್ಷ ಒಂದೇ ಹೆಣದ ಸುತ್ತ ನಿಂತವರು ಒಂದು ಕೋಣೆಗೆ. ರೋಲ್ ನಂಬರ್ ಹಾಕಿಸಿದ್ದು ಇದಕ್ಕೇ. ಇಡೀ ಕಾರ್ಯಕ್ರಮದಲ್ಲಿ ನಾವು ಮಾಡಿದ ಒಳ್ಳೇ ಕೆಲಸ ಯಾವುದು ಅಂದರೆ ಇದು. ನಮ್ಮ ಟೇಬಲ್‌ನಲ್ಲಿ ಈಗ ಉಳಿದವರು ಐದು ಜನ. ದೊಡ್ಡ ಸಭೆಯಲ್ಲಿ ಬಾಯಿ ಬಿಡದೆ ಕೂತಿದ್ದ ಒಬ್ಬಳು, ಮದುವೆಯಾದ ಮೇಲೆ ಪ್ರಾಕ್ಟೀಸೇ ಮಾಡದವಳು, ನಮ್ಮ ಕೋಣೆಗೆ ಬಂದ ಕೂಡಲೆ ಮಾತಿಗೆ ಶುರುಮಾಡಿದಳು. ಅವಳ ಅಪ್ಪನ ಮನೆ ತೀರ್ಥಹಳ್ಳಿ ಕಡೆ. ಮನೆಯ ಕೆಲಸದ ಹುಡುಗ ಒಬ್ಬ ಅವಳ ಚಿಕ್ಕಂದಿನಲ್ಲಿ ಸೊಪ್ಪಿಗೆ ಹೋಗಿ ಬಂದು ಜ್ವರದಲ್ಲಿ ಸತ್ತಿದ್ದ. ಅದೇನು ಅಂತ ಆಗ ಯಾರೂ ಹೇಳಿರಲಿಲ್ಲ. ಮೂಗಲ್ಲಿ ರಕ್ತ ಬಂದಿತ್ತು, ಮಧ್ಯೆ ಎರಡು ದಿನ ಚೆನ್ನಾಗಿದ್ದ ಅಂದಳು. ಇದೇ ಇರಬಹುದಾ ಅಂತ ಕೇಳಿದಳು. ಇರಬಹುದು, ಇಲ್ಲದೆಯೂ ಇರಬಹುದು. ನಾವು ಉಳಿದ ನಾಲ್ಕು ಜನ ಆ ಕೇಸನ್ನು ಹಿಡಿದು, ಜ್ವರ ಎಷ್ಟು ದಿನ, ಯಾವ ತಿಂಗಳು, ಊರಲ್ಲಿ ಮಂಗ ಸತ್ತಿತ್ತಾ ಅಂತ ವಾರ್ಡ್ ರೌಂಡ್ಸಿನಲ್ಲಿ ಕೇಳುವ ಹಾಗೆ ಅವಳನ್ನು ಕೇಳುತ್ತಾ ಹೋದೆವು. ಅವಳಿಗೆ ಎಲ್ಲ ನೆನಪಿತ್ತು. ಅಷ್ಟು ಹೊತ್ತೂ ಯಾರ ಮಗಳು ಎಲ್ಲಿದ್ದಾಳೆ ಅನ್ನುವ ಮಾತೇ ಬರಲಿಲ್ಲ. ಬೇರೆ ಕೋಣೆಗಳಲ್ಲಿ ಸ್ಟೆಂಟ್ ಬಂದೇ ಬಂತಂತೆ.

ಸಭೆ ಮುಗಿಯುವಾಗ ಹನ್ನೊಂದು ದಾಟಿತ್ತು, ಮೆಲ್ಬರ್ನ್‌ನಲ್ಲಿ ಬೆಳಗಾಗುವುದರಲ್ಲಿತ್ತು. ಇನ್ಸ್‌ಪೆಕ್ಟರಿಗೆ ಸನ್ಮಾನ ಮಾಡಲು ಮೈಸೂರಿನಿಂದ ಪೇಟ, ಶಾಲು ಕೊರಿಯರ್‌ನಲ್ಲಿ ಕಳಿಸಿದ್ದರು. ಕರ್ಫ್ಯೂ ಗಲಾಟೆಯಲ್ಲಿ ಅದು ಬಂದದ್ದು ಮಂಗಳವಾರ. ಶಿವಮೊಗ್ಗಕ್ಕೆ ಹೊರಡುವ ದಿನವನ್ನು ನಾನು ಮುಂದಕ್ಕೆ ಹಾಕಿ, ಅವರ ಮನೆಗೇ ಹೋಗಿ ತೊಡಿಸಿದೆ. ಫೋಟೋಗೆ ನಿಂತು, "ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗೋದು ಮೇಡಂ, ದನ ಹೆದರ್ತಾವೆ" ಅಂದರು.

ಆಮೇಲೆ ಮೂರು ತಿಂಗಳಿಗೊಮ್ಮೆ ಜೂಮ್‌ನಲ್ಲಿ ಸೇರೋದು ಅಂತಾಗಿದೆ, ನಡೆದುಕೊಂಡೂ ಬಂದಿದೆ. ಹೋಟೆಲಿನ ಅಡ್ವಾನ್ಸ್ ಇನ್ನೂ ಅಲ್ಲೇ ಇದೆ. ಮುಂದಿನ ಅತಿಥಿ ಯಾರು ಅಂತ ಪ್ರತಿ ಸಲವೂ ಜಗಳ. ಈ ಸಲ ನಾನು ಚೆಲುವಾಂಬದಲ್ಲಿ ನಮಗೆಲ್ಲ ಹೆರಿಗೆ ಮಾಡಿಸೋದು ಕಲಿಸಿದ ಹಿರಿಯ ಸಿಸ್ಟರ್ ಒಬ್ಬರನ್ನು ಹುಡುಕುತ್ತಿದ್ದೇನೆ. ಗುಂಪಿನಲ್ಲಿ ಮತ್ತೆ ಯಾರೋ ಹೃದ್ರೋಗ ತಜ್ಞರ ಹೆಸರು ಹಾಕಿದ್ದಾರೆ.